ಜಾಲಿ ಗಿಡದ ಜೇಡರ ಗೂಡು: ಅವುಗಳ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಎಲ್ಲಿಂದ ಬಂದವು?

ಕೆಲಗೇರಿ ದಂಡೆ, ಧಾರವಾಡ

ಹೋದ ಭಾನುವಾರ ಶಿರಹಟ್ಟಿಯಿಂದ ಗದಗಿನ ಕಡೆಗೆ ಬರುತ್ತಿದ್ದಾಗ ಒಂದು ಹೊಲದ ಬದುವಿನ ಬಳಿ ಬೈಕ್ ನಿಲ್ಲಿಸಿದೆ. ಜಾಲಿ ಗಿಡದ ಮುಳ್ಳುಗಳ ನಡುವೆ ಹಳೆಯ ಗೋಣಿತಟ್ಟಿನ ಚೂರು ಸಿಕ್ಕಿಕೊಂಡಂತೆ ಬೂದು ಬಣ್ಣದ ಮುದ್ದೆಯೊಂದು ಕಂಡಿತು. ಹತ್ತಿರ ಹೋದರೆ ಜೇಡಗಳ ಗೂಡು. ಒಣ ಎಲೆ, ಮಿಡತೆಯ ಕಾಲು, ಜೀರುಂಡೆಯ ಬೆನ್ನಿನ ಚಿಪ್ಪು ಎಲ್ಲವನ್ನೂ ನೂಲಿನಲ್ಲಿ ಸೇರಿಸಿ ಹೆಣೆದಿದ್ದವು. ಮೇಲೆಲ್ಲ ಕಿರುಬೆರಳು ಹೋಗುವಷ್ಟು ಅಗಲದ ತೂತುಗಳು. ಅಲ್ಲಿಂದ ಪಕ್ಕದ ಕೊಂಬೆಗಳಿಗೆ ಹಾಳೆಯಂತೆ ಬಲೆ ಹರಡಿತ್ತು.

ಇಳಿಹೊತ್ತಾಗಿತ್ತು. ನಾನು ನೋಡುತ್ತಿದ್ದಂತೆಯೇ ಒಂದು ಹಸಿರು ಮಿಡತೆ ಹಾರಿ ಬಂದು ಬಲೆಗೆ ಬಿತ್ತು. ಒದ್ದಾಡತೊಡಗಿತು. ತೂತಿನಿಂದ ಮೊದಲು ಒಂದು ಜೇಡ ಹೊರಬಂದಿತು, ನಿಂತಿತು, ಮುಂಗಾಲಿನಿಂದ ಎಳೆಯನ್ನು ಮುಟ್ಟಿ ನೋಡಿತು. ಬೆನ್ನ ಹಿಂದೆಯೇ ಇನ್ನೈದು. ಒಂದು ಮಿಡತೆಯ ಹಿಂಗಾಲನ್ನು ಕಚ್ಚಿ ಹಿಡಿಯಿತು, ಮತ್ತೊಂದು ಮೀಸೆಯನ್ನು. ಐದಾರು ನಿಮಿಷಗಳಲ್ಲಿ ಒದ್ದಾಟ ನಿಂತಿತು. ಆಮೇಲೆ ಜಗಳವಿಲ್ಲ, ಕಸಿದುಕೊಳ್ಳುವುದಿಲ್ಲ. ಆರೂ ಜೇಡಗಳು ಒಂದೇ ಮಿಡತೆಗೆ ಬಾಯಿ ಹಚ್ಚಿ ಸುಮ್ಮನೆ ಕುಳಿತವು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೇನೆ. ಜೇಡ ಜಗಿದು ನುಂಗುವುದಿಲ್ಲ, ತನ್ನ ಜೀರ್ಣರಸವನ್ನು ಬೇಟೆಯ ಮೇಲೆ ಕಕ್ಕಿ, ಮಾಂಸ ಕರಗಿದ ಮೇಲೆ ಹೀರುತ್ತದೆ ಎಂದು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಆ ಸಂಜೆ ಮೊದಲ ಬಾರಿಗೆ ಒಂದು ಯೋಚನೆ ಬಂದಿತು. ಆರು ಹೊಟ್ಟೆಗಳ ರಸ ಒಂದೇ ಮಿಡತೆಯೊಳಗೆ ಬೆರೆತು, ಮತ್ತೆ ಆರು ಹೊಟ್ಟೆಗಳಿಗೂ ಹೋಗುತ್ತಿದೆಯಲ್ಲ! ಒಂದೇ ಗಂಗಾಳದಲ್ಲಿ ಆರು ಜನ ಉಂಡಂತೆ. ಹಾಗಿದ್ದರೆ ಒಂದು ಜೇಡದ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಆ ಜೇಡದ್ದೋ, ಗೂಡಿನದೋ, ಮಿಡತೆಯದೋ?

ಜೇಡದ ಹೆಸರು ಸ್ಟೆಗೋಡೈಫಸ್ ಸರಸಿನೋರಮ್. 1892ರಲ್ಲಿ ಕಾರ್ಶ್ ಎಂಬ ಜರ್ಮನ್ ವಿಜ್ಞಾನಿ ವಿವರಿಸಿದ್ದು. ನಮ್ಮ ದೇಶ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್‌ಗಳಲ್ಲಿ ಇದೆ. ಜಗತ್ತಿನಲ್ಲಿ ಹೆಸರು ಪಡೆದ ಜೇಡ ಜಾತಿಗಳು 50,000 ದಾಟಿವೆ, ಅವುಗಳಲ್ಲಿ ಹೀಗೆ ಕೂಡಿ ಬಾಳುವವು ತೀರ ಕಡಿಮೆ. ಅಂಥದ್ದೊಂದು ನಮ್ಮ ಬದುವಿನ ಜಾಲಿಯಲ್ಲಿದೆ. ತಿಳಿದವರು ದಯವಿಟ್ಟು ಬರೆಯಿರಿ.

ಎರೆಹೊಲ, ಬ್ಯಾಡಗಿ ತಾಲ್ಲೂಕು

ಗುರುಗಳೇ, ಈ ಗೂಡು ನಮ್ಮ ಬೇಲಿಯಲ್ಲಿಯೂ ಇದೆ. ರೋಗದ ಬಲೆ ಎಂದುಕೊಂಡು ಹೋದ ವರ್ಷ ಎರಡನ್ನು ಸುಟ್ಟುಹಾಕಿದ್ದೆ. ನಿಮ್ಮ ಬರಹ ಓದಿ ಬಹಳ ಬೇಸರವಾಯಿತು. ಉಳಿದಿರುವ ಒಂದನ್ನು ಮುಟ್ಟುವುದಿಲ್ಲ.

ಮೊದಲ ಬೆಂಚು, ಹುಬ್ಬಳ್ಳಿ

ಸರ್, ನಾನು ಬಿ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲನ್ನು ಅರಗಿಸಿಕೊಡುತ್ತವೆ, ಗೆದ್ದಲಿನ ಕರುಳಿನವು ಕಟ್ಟಿಗೆಯನ್ನು ಅರಗಿಸಿಕೊಡುತ್ತವೆ. ಹಾಗೆಯೇ ಜೇಡದ ಕರುಳಿನ ಬ್ಯಾಕ್ಟೀರಿಯಾಗಳೂ ಮಾಂಸ ಕರಗಿಸಲು ನೆರವಾಗುತ್ತವೆ, ಅಲ್ಲವೇ? ಜೀವಿಯೊಳಗೆ ನೆಲೆಸಿರುವ ಸೂಕ್ಷ್ಮಜೀವಿಗಳ ಬಳಗವನ್ನು ಮೈಕ್ರೋಬಯೋಮ್ ಎನ್ನುವುದು ಇದಕ್ಕೇ ತಾನೇ?

ಪೆಟ್ರಿ ತಟ್ಟೆ, ಧಾರವಾಡ

ತಂಗಿ, ಈ ಹೋಲಿಕೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ನನಗೂ ಹಾಗೆಯೇ ಹೊಳೆದಿತ್ತು. ಆದರೆ ಜೇಡದ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ.

ಹುಲ್ಲು ಮತ್ತು ಕಟ್ಟಿಗೆಯಲ್ಲಿರುವ ಸೆಲ್ಯುಲೋಸನ್ನು ಒಡೆಯುವುದು ಪ್ರಾಣಿಗಳಿಗೆ ಕಷ್ಟದ ಕೆಲಸ, ಅದಕ್ಕಾಗಿ ಹಸು ಸೂಕ್ಷ್ಮಜೀವಿಗಳಿಗೆ ಹೊಟ್ಟೆಯಲ್ಲಿ ಮನೆ ಕೊಟ್ಟಿದೆ. ಮಾಂಸದ ಪ್ರೋಟೀನನ್ನು ಒಡೆಯಲು ಜೇಡಕ್ಕೆ ಹೊರಗಿನವರ ಹಂಗಿಲ್ಲ. ಅದರ ಜೀರ್ಣರಸದಲ್ಲಿ ಅಸ್ಟಾಸಿನ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಯಥೇಚ್ಛವಾಗಿವೆ, ಜೇಡದ ಸ್ವಂತ ಜೀನ್‌ಗಳೇ ಅವನ್ನು ತಯಾರಿಸುತ್ತವೆ. ಆಫ್ರಿಕಾದ ಸ್ಟೆಗೋಡೈಫಸ್ ಮಿಮೋಸೇರಮ್‌ನ ಜೀನೋಮ್, ಅಂದರೆ ಅದರ ಜೀನ್‌ಗಳೆಲ್ಲ ಇರುವ ಇಡೀ ಡಿಎನ್‌ಎ, 2014ರಲ್ಲಿ ಪ್ರಕಟವಾಯಿತು. ಗುರುಗಳು ನೋಡಿದ ಜೇಡದ ದಾಯಾದಿ ಅದು.

ಇನ್ನೊಂದು ವಿಷಯ. ಜೇಡದ ಬಾಯಿಯಲ್ಲಿ ಕೂದಲುಗಳ ಜರಡಿ ಇದೆ, ಗಂಟಲಲ್ಲಿ ಇನ್ನೂ ಸೂಕ್ಷ್ಮವಾದ ಮತ್ತೊಂದು. ಒಳಗೆ ಹೋಗುವುದು ಬಹುಮಟ್ಟಿಗೆ ಸೋಸಿದ ದ್ರವ. ಕರುಳು ಕೂಡ ನಮ್ಮದರಂತೆ ಉದ್ದದ ಕೊಳವೆಯಲ್ಲ. ಕವಲೊಡೆದು ಕವಲೊಡೆದು ಹೊಟ್ಟೆಯ ತುಂಬ ಚೀಲಚೀಲವಾಗಿ ಹರಡಿಕೊಂಡಿರುತ್ತದೆ, ಮುಂಭಾಗದಲ್ಲೂ ಕವಲು ಚಾಚಿರುತ್ತದೆ. ಜೇಡ ತಿಂಗಳುಗಟ್ಟಲೆ ಉಪವಾಸವಿದ್ದು ಒಂದೇ ಊಟದಲ್ಲಿ ಉಬ್ಬುವುದು ಈ ಚೀಲಗಳ ದೆಸೆಯಿಂದ.

ಹಾಗಾದರೆ ಅಲ್ಲಿರುವ ಬ್ಯಾಕ್ಟೀರಿಯಾ ಯಾರು? ಬೂದು ಮನೆಜೇಡ ಬಡುಮ್ನಾ ಲಾಂಜಿಂಕ್ವಾವನ್ನು ಪರೀಕ್ಷಿಸಿದ ಒಂದು ತಂಡ 2020ರಲ್ಲಿ ಹೇಳಿದ್ದು ಇಷ್ಟು: ಅದರ ಕರುಳಿನ ಬ್ಯಾಕ್ಟೀರಿಯಾ ಬಹುಪಾಲು ದಾರಿಹೋಕರು. ಬೇಟೆಯ ಜೊತೆ ಬರುತ್ತವೆ, ಹೋಗುತ್ತವೆ. ಇವತ್ತು ನೊಣ ತಿಂದರೆ ಒಂದು ಪಟ್ಟಿ, ನಾಳೆ ಬೇರೇನೋ ತಿಂದರೆ ಬೇರೆ ಪಟ್ಟಿ.

ಆದರೆ ಅದೇ 2020ರಲ್ಲಿ ಪಟ್ಟೆಪಟ್ಟೆ ಹಳದಿ ಜೇಡ ಆರ್ಜಿಯೋಪಿ ಬ್ರೂನಿಚಿಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಅದರ ಅಂಗಾಂಶಗಳಲ್ಲೆಲ್ಲ ಒಂದೇ ಬ್ಯಾಕ್ಟೀರಿಯಾದ ದರ್ಬಾರು. ಅದುವರೆಗೆ ಯಾರೂ ಹೆಸರಿಸದ ಬ್ಯಾಕ್ಟೀರಿಯಾ. ಮೊಟ್ಟೆಚೀಲದಿಂದ ಇನ್ನೂ ಹೊರಬಾರದ ಮರಿಗಳಲ್ಲೂ ಅದು ಇತ್ತು. ಒಂದು ಹುಳವನ್ನೂ ತಿನ್ನದ ಮರಿಗೆ ಅದು ಎಲ್ಲಿಂದ ಬಂದಿರಬೇಕು? ತಾಯಿಯಿಂದಲೇ ಎಂದು ಅವರು ಊಹಿಸಿದರು.

ಹೀಗಾಗಿ ಗುರುಗಳ ಪ್ರಶ್ನೆಗೆ ಉತ್ತರ ಒಂದಲ್ಲ. ಬೇಟೆಯ ದಾರಿ ಒಂದು, ತಾಯಿಯ ದಾರಿ ಇನ್ನೊಂದು. ಕೂಡಿ ಬಾಳುವ ಜೇಡಗಳಲ್ಲಿ ಮೂರನೆಯದೂ ಇದೆ, ಗೂಡಿನ ದಾರಿ. ಅದರ ಬಗ್ಗೆ ನಾಳೆ ಬರೆಯುತ್ತೇನೆ, ಈಗ ಪ್ರಯೋಗಾಲಯ ಮುಚ್ಚುವ ಹೊತ್ತು.

ಮೊದಲ ಬೆಂಚು, ಹುಬ್ಬಳ್ಳಿ

ಅಣ್ಣ, ಸೋಸಿದ ದ್ರವ ಎಂದರೆ ಬ್ಯಾಕ್ಟೀರಿಯಾಗಳೂ ಸೋಸಿಹೋಗುತ್ತವೆಯೇ?

ಪೆಟ್ರಿ ತಟ್ಟೆ, ಧಾರವಾಡ

ದೊಡ್ಡ ಕಣಗಳು ನಿಲ್ಲುತ್ತವೆ. ಬ್ಯಾಕ್ಟೀರಿಯಾಗಳ ಗಾತ್ರ ಸುಮಾರು ಒಂದು ಮೈಕ್ರಾನ್, ಇನ್ನೂ ಸಣ್ಣವೂ ಇವೆ. ಎಲ್ಲವೂ ನಿಲ್ಲುವುದಿಲ್ಲ. ಬಡುಮ್ನಾದ ಕರುಳಿನಲ್ಲಿ ಬೇಟೆಯ ಬ್ಯಾಕ್ಟೀರಿಯಾಗಳ ಗುರುತು ಸಿಕ್ಕಿತಲ್ಲ.

ಪೆಟ್ರಿ ತಟ್ಟೆ, ಧಾರವಾಡ

ನಿನ್ನೆಯ ಮಾತನ್ನು ಮುಂದುವರಿಸುತ್ತೇನೆ. ಗುರುಗಳಿಗೆ ಸಂತೋಷವಾಗುವ ಸುದ್ದಿ ಇದೆ. ಅವರು ನೋಡಿದ ಜಾತಿಯನ್ನೇ ಈ ಪ್ರಶ್ನೆಗಾಗಿ ಪರೀಕ್ಷಿಸಿದ್ದಾರೆ. ಸ್ಟೆಗೋಡೈಫಸ್ ಕುಲದಲ್ಲಿ ಕೂಡಿ ಬಾಳುವ ಮೂರು ಜಾತಿಗಳನ್ನು, ಆಫ್ರಿಕಾದ ಡ್ಯುಮಿಕೋಲಾ, ಮಿಮೋಸೇರಮ್ ಮತ್ತು ನಮ್ಮ ಸರಸಿನೋರಮ್, ಒಟ್ಟಿಗೆ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು.

ಏನು ಕಂಡಿತು? ಬ್ಯಾಕ್ಟೀರಿಯಾಗಳ ವೈವಿಧ್ಯ ಬಹಳ ಕಡಿಮೆ. ಒಂದೊಂದು ಜೇಡದಲ್ಲೂ ಯಾವುದೋ ಒಂದು ಬ್ಯಾಕ್ಟೀರಿಯಾದ್ದೇ ಮೇಲುಗೈ. ಅರ್ಧಕ್ಕಿಂತ ಹೆಚ್ಚು ಜೇಡಗಳಲ್ಲಿ ಸಿಗುವ ಸಹಜೀವಿಗಳು ಐದರಿಂದ ಏಳು ಮಾತ್ರ. ಮುಖ್ಯವಾದವು ಕ್ಲಮೈಡಿಯಾ, ಬೊರೇಲಿಯಾ, ಮೈಕೋಪ್ಲಾಸ್ಮಾಗಳ ಬಳಗಕ್ಕೆ ಸೇರಿದ ಹೊಸ ಕವಲುಗಳು. ಬೊರೇಲಿಯಾ ಹೆಸರು ಕೇಳಿ ಉಣ್ಣೆ ಕಡಿತದಿಂದ ಬರುವ ಲೈಮ್ ರೋಗ ನೆನಪಾದವರು ಹೆದರಬೇಡಿ, ಇವು ಜೇಡಗಳಲ್ಲೇ ನೆಲೆಸಿರುವ ಬೇರೆಯೇ ವಂಶದವು ಎಂದು ಅವರು ಎಣಿಸಿದ್ದಾರೆ. ಬೊರೇಲಿಯಾ ಮತ್ತು ಮೈಕೋಪ್ಲಾಸ್ಮಾ ಬಳಗದವನ್ನು ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ನಡುಗರುಳಿನಲ್ಲೇ ಕುಳಿತಿದ್ದವು.

ಈಗ ಗಂಗಾಳದ ಮಾತು. ಒಂದೇ ಗೂಡಿನ ಜೇಡಗಳ ಬ್ಯಾಕ್ಟೀರಿಯಾಗಳು ಒಂದನ್ನೊಂದು ಬಹಳ ಹೋಲುತ್ತವೆ. ಅದೇ ಪ್ರದೇಶದ ಇನ್ನೊಂದು ಗೂಡಿಗೆ ಹೋದರೆ ಎಷ್ಟೋ ಸಲ ಲೆಕ್ಕವೇ ಬೇರೆ. ಪ್ರದೇಶಕ್ಕೆ ತಕ್ಕಂತೆ ಬ್ಯಾಕ್ಟೀರಿಯಾ ಬದಲಾಗುವುದು ನಮ್ಮ ಸರಸಿನೋರಮ್‌ನಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು. ಹೊಟ್ಟೆ ಆರಾದರೂ ಗಂಗಾಳ ಒಂದೇ ಎಂದು ಗುರುಗಳಿಗೆ ಹೊಳೆದದ್ದು ಈ ಫಲಿತಾಂಶಕ್ಕೆ ಹೊಂದುತ್ತದೆ.

ಕೆಲಗೇರಿ ದಂಡೆ, ಧಾರವಾಡ

ಓದುತ್ತ ಕುಳಿತಲ್ಲಿಂದ ಎದ್ದು ನಿಂತೆ. ನಿಮಗೆ ಋಣಿ.

ಗಂಗಾಳಕ್ಕಿಂತ ಹತ್ತಿರದ ದಾರಿಯೊಂದು ಉಳಿಯಿತು. ಮರಿಗಳನ್ನು ಸಾಕುವ ರೀತಿ. ಈ ಕುಲದಲ್ಲಿ ಮರಿಗಳು ಮೊಟ್ಟೆಚೀಲದಿಂದ ಹೊರಬಂದಾಗ ಬೇಟೆಯಾಡಲಾರವು. ತಾಯಿ ತನ್ನ ಹೊಟ್ಟೆಯಿಂದ ದ್ರವವನ್ನು ಕಕ್ಕಿ ಬಾಯಿಂದ ಬಾಯಿಗೆ ಉಣಿಸುತ್ತದೆ. ಆ ದ್ರವ ಬರೀ ಬೇಟೆಯ ರಸವಲ್ಲ. ತಾಯಿಯ ಕರುಳಿನ ಅಂಗಾಂಶವೇ ಸ್ವಲ್ಪಸ್ವಲ್ಪವಾಗಿ ಕರಗಿ ಅದರಲ್ಲಿ ಸೇರುತ್ತದೆ. ಕೆಲವು ವಾರಗಳ ನಂತರ ಒಂದು ದಿನ ಮರಿಗಳು ತಾಯಿಯ ಮೈಮೇಲೆ ಹತ್ತಿ ಹೊಟ್ಟೆಗೆ ಬಾಯಿ ಹಚ್ಚುತ್ತವೆ. ತಾಯಿ ಓಡುವುದಿಲ್ಲ. ಕೊನೆಗೆ ಉಳಿಯುವುದು ಒಣ ತೊಗಲು.

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಮುಖ ಸಿಂಡರಿಸುತ್ತಿದ್ದರು. ಒಬ್ಬ ಹುಡುಗಿ ಮಾತ್ರ, 'ಹಾಗಾದರೆ ಅವ್ವ ಮಕ್ಕಳ ಹೊಟ್ಟೆಯಲ್ಲಿ ಇರುತ್ತಾಳೆ' ಎಂದಿದ್ದಳು. ಆಗ ಅದನ್ನು ಮಗುವಿನ ಮುದ್ದುಮಾತು ಎಂದುಕೊಂಡಿದ್ದೆ. ಇವತ್ತು ಅದರಲ್ಲಿ ಜೀವಶಾಸ್ತ್ರ ಕಾಣುತ್ತಿದೆ. ತಾಯಿಯ ನಡುಗರುಳು, ಅದರೊಳಗಿನ ಬ್ಯಾಕ್ಟೀರಿಯಾ ಸಮೇತ, ಮರಿಯ ನಡುಗರುಳಿಗೆ ಹೋಗಲು ಇದಕ್ಕಿಂತ ನೇರವಾದ ದಾರಿ ಯಾವುದಿದೆ? ಇದು ನನ್ನ ತರ್ಕ. ಪೆಟ್ರಿ ತಟ್ಟೆಯವರು ತಿದ್ದಲಿ.

ಪೆಟ್ರಿ ತಟ್ಟೆ, ಧಾರವಾಡ

ತಿದ್ದುವಂಥದ್ದೇನಿಲ್ಲ. ಆ ದಾರಿ ತೆರೆದಿದೆ ಎಂಬುದು ಖಂಡಿತ. ಯಾವ ಬ್ಯಾಕ್ಟೀರಿಯಾ ಅದರಲ್ಲಿ ನಡೆದುಹೋಗುತ್ತದೆ ಎಂಬುದನ್ನು ಒಂದೊಂದಾಗಿಯೇ ತೋರಿಸಬೇಕು.

ಕೃಷ್ಣಮೃಗ, ರಾಣೆಬೆನ್ನೂರು

ನಮಸ್ಕಾರ. ನಾನು ಅಂಗನವಾಡಿ ಕಾರ್ಯಕರ್ತೆ, ವಿಜ್ಞಾನ ಓದಿದವಳಲ್ಲ, ಆದರೆ ಈ ಚರ್ಚೆಯನ್ನು ಬಿಡದೆ ಓದುತ್ತಿದ್ದೇನೆ. ಡೆಂಗಿ ತಡೆಯಲು ಸೊಳ್ಳೆಗೆ ಯಾವುದೋ ಬ್ಯಾಕ್ಟೀರಿಯಾ ಸೇರಿಸಿ ಬಿಡುತ್ತಾರೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಅದು ಹೆಣ್ಣಿನಿಂದ ಮರಿಗೆ ಹೋಗುತ್ತದೆ ಎಂದರು. ಜೇಡಗಳಲ್ಲಿಯೂ ಅದು ಇದೆಯೇ? ಈ ಗೂಡುಗಳಲ್ಲಿ ಹೆಣ್ಣುಗಳೇ ಹೆಚ್ಚು ಎಂದು ಎಲ್ಲಿಯೋ ಓದಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಪೆಟ್ರಿ ತಟ್ಟೆ, ಧಾರವಾಡ

ಅಕ್ಕಾ, ನೀವು ಕೇಳಿದ್ದು ಈ ವಿಷಯದ ತಿರುಳನ್ನೇ. ಅದರ ಹೆಸರು ವೋಲ್ಬಾಕಿಯಾ. 1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಎಂಬವರು ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಅದನ್ನು ಕಂಡರು. ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ವೋಲ್ಬಾಕಿಯಾ ಇರುವ ಈಡಿಸ್ ಸೊಳ್ಳೆಗಳನ್ನು ಬಿಟ್ಟಾಗ ಡೆಂಗಿ ಶೇ. 77ರಷ್ಟು ತಗ್ಗಿತು ಎಂದು 2021ರಲ್ಲಿ ವರದಿಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪುದುಚೇರಿ ಸಂಸ್ಥೆಯೂ ಅಂಥ ಸೊಳ್ಳೆಗಳನ್ನು ಬೆಳೆಸಿದೆ.

ಜೇಡಗಳಲ್ಲಿ ವೋಲ್ಬಾಕಿಯಾ ಸಾಮಾನ್ಯ. ಜೊತೆಗೆ ರಿಕೆಟ್ಸಿಯಾ, ಸ್ಪೈರೋಪ್ಲಾಸ್ಮಾ, ಕಾರ್ಡಿನಿಯಂ, ರಿಕೆಟ್ಸಿಯೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ಇವು ಕರುಳಿನಲ್ಲಿ ತೇಲುವ ದಾರಿಹೋಕರಲ್ಲ, ಜೀವಕೋಶದ ಒಳಗೆ ವಾಸಿಸುವಂಥವು. ಮೊಟ್ಟೆಯ ಮೂಲಕ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತವೆ. ಗಂಡಿನ ವೀರ್ಯಾಣುವಿನಲ್ಲಿ ಅವಕ್ಕೆ ಜಾಗವಿಲ್ಲ. ಗಂಡುಮರಿಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಮುಂದಿನ ಪೀಳಿಗೆ ಇಲ್ಲ. ಆದ್ದರಿಂದ ಹೆಣ್ಣುಗಳು ಹೆಚ್ಚಾದಷ್ಟೂ ಅವಕ್ಕೆ ಲಾಭ. ಯುರೋಪಿನ ಈಡೊಥೊರ್ಯಾಕ್ಸ್ ಗಿಬ್ಬೋಸಸ್ ಎಂಬ ಕುಬ್ಜ ಜೇಡದಲ್ಲಿ ವೋಲ್ಬಾಕಿಯಾ ಗಂಡುಮರಿಗಳನ್ನು ಭ್ರೂಣದಲ್ಲೇ ಕೊಲ್ಲುತ್ತದೆ. ಅಮೆರಿಕದ ಮೆರ್ಮೆಸಸ್ ಫ್ರೇಡಿಯೋರಮ್‌ನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಗಂಡಾಗಬೇಕಾದ ಮರಿಯೇ ಹೆಣ್ಣಾಗಿ ಬೆಳೆಯುತ್ತದೆ.

ಆದರೆ ಸ್ಟೆಗೋಡೈಫಸ್ ಗೂಡಿನ ಹೆಣ್ಣುಗಳ ಹೆಚ್ಚಳಕ್ಕೆ ವೋಲ್ಬಾಕಿಯಾವನ್ನು ಹೊಣೆ ಮಾಡುವಂತಿಲ್ಲ. ಡ್ಯುಮಿಕೋಲಾದ ಭ್ರೂಣಗಳ ವರ್ಣತಂತುಗಳನ್ನೇ ಎಣಿಸಿ ನೋಡಿದ್ದಾರೆ, ಅಲ್ಲಿಯೇ ಹೆಣ್ಣುಗಳ ಸಂಖ್ಯೆ ಬಹಳ ಹೆಚ್ಚು. ಗಂಡುಗಳು ಸತ್ತು ಹೆಣ್ಣುಗಳು ಉಳಿದದ್ದಲ್ಲ, ಹೆಣ್ಣು ಭ್ರೂಣವಾಗುವುದೇ ಹೆಚ್ಚು. ಒಂದೇ ಗೂಡಿನಲ್ಲಿ ಅಣ್ಣ ತಂಗಿಯರ ನಡುವೆಯೇ ಕೂಡಿಕೆ ನಡೆಯುವ ಕಡೆ ಹೆಚ್ಚು ಗಂಡುಗಳ ಅಗತ್ಯವಿಲ್ಲ ಎಂಬ ವಿವರಣೆ ನನಗೆ ಸರಿ ಎನಿಸುತ್ತದೆ.

ಕೃಷ್ಣಮೃಗ, ರಾಣೆಬೆನ್ನೂರು

ಅರ್ಥವಾಯಿತು, ತಮ್ಮಾ. ಇನ್ನೊಂದು ಕೇಳುತ್ತೇನೆ. ನಮ್ಮಲ್ಲಿ ಮಕ್ಕಳ ಮೈಮೇಲೆ ಉರಿಯುವ ಗುಳ್ಳೆ ಎದ್ದರೆ 'ಜೇಡ ಉಚ್ಚೆ ಹೊಯ್ದಿದೆ' ಎನ್ನುತ್ತಾರೆ. ಮಳೆಗಾಲದಲ್ಲಿ ಇದು ಬಹಳ. ಜೇಡದ ಉಚ್ಚೆಯಲ್ಲಿ ಅಂಥ ಬ್ಯಾಕ್ಟೀರಿಯಾ ಇದೆಯೇ?

ತೊಗಲು, ಹುಬ್ಬಳ್ಳಿ

ಅಕ್ಕನವರೇ, ಇದು ನನ್ನ ಕ್ಷೇತ್ರ, ನಾನು ಚರ್ಮರೋಗ ವೈದ್ಯೆ. ಜೇಡದ ಉಚ್ಚೆಯಿಂದ ಗುಳ್ಳೆ ಏಳುವುದಿಲ್ಲ. ಆ ಮಾತು ಹೇಳಿಕೊಂಡು ಬರುವವರಲ್ಲಿ ನಾನು ಎರಡು ಬಗೆ ಕಾಣುತ್ತೇನೆ.

ಒಂದು ಸರ್ಪಸುತ್ತು. ಮೈಯ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆಗಳು, ಅದಕ್ಕೂ ಮೊದಲೇ ಚುಚ್ಚುವ ನೋವು. ಹಿಂದೆ ಬಂದುಹೋದ ಸಿಡುಬಿನಂಥ ಚಿಕನ್‌ಪಾಕ್ಸ್‌ನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದದ್ದು ಅದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನೊಂದು ಮಳೆಗಾಲದ್ದು. ರಾತ್ರಿ ಟ್ಯೂಬ್‌ಲೈಟಿಗೆ ಬರುವ ಒಂದು ಸಣ್ಣ ಹುಳ, ಸೆಂಟಿಮೀಟರಿಗಿಂತ ಕಡಿಮೆ ಉದ್ದ. ತಲೆ ಕಪ್ಪು, ಕತ್ತಿನ ಭಾಗ ಕಿತ್ತಳೆ, ನಡುವೆ ನೀಲಿಗಪ್ಪು, ಮತ್ತೆ ಕಿತ್ತಳೆ, ತುದಿ ಕಪ್ಪು. ಇರುವೆಯಂತೆ ಓಡುತ್ತದೆ, ಬಾಲವನ್ನು ಮೇಲಕ್ಕೆತ್ತುತ್ತದೆ. ಪೆಡೆರಸ್ ಎಂದು ಹೆಸರು, ಜೀರುಂಡೆಗಳ ಜಾತಿ. ಕಚ್ಚುವುದಿಲ್ಲ. ಕತ್ತಿನ ಮೇಲೆ ಹರಿಯುವಾಗ ನಿದ್ದೆಗಣ್ಣಿನಲ್ಲಿ ಒರೆಸಿದರೆ ಅದು ಜಜ್ಜಿಹೋಗಿ ಒಳಗಿನ ರಸ ಚರ್ಮಕ್ಕೆ ತಾಗುತ್ತದೆ. ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ದಿನದಲ್ಲಿ, ಕೈ ಎಳೆದ ಗೆರೆಯ ಉದ್ದಕ್ಕೂ, ಸುಟ್ಟಂತೆ ಕೆಂಪಾಗಿ ಗುಳ್ಳೆಗಳು ಏಳುತ್ತವೆ. ಮೊಣಕೈ ಮಡಿಕೆಯಲ್ಲಿ ತಾಗಿದ್ದರೆ ಎದುರುಬದುರಿನ ಎರಡೂ ಕಡೆ ಒಂದೇ ಅಚ್ಚು ಬೀಳುತ್ತದೆ. ಅದನ್ನು ನೋಡಿದರೆ ಸಾಕು, ನಮಗೆ ತಿಳಿಯುತ್ತದೆ.

ಹುಳ ಮೈಮೇಲೆ ಬಂದರೆ ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿಕೊಂಡು ಆಚೆ ಬಿಡಿ. ಜಜ್ಜಿದ್ದರೆ ಕೂಡಲೇ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ. ಜೇಡದ ಮೇಲೆ ಹೊರಿಸಿರುವ ಈ ಆಪಾದನೆಯನ್ನು ತೆಗೆದುಹಾಕಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ಪೆಟ್ರಿ ತಟ್ಟೆ, ಧಾರವಾಡ

ಡಾಕ್ಟರ್ ಮೇಡಂ, ನೀವು ಪೆಡೆರಸ್ ಹೆಸರು ಎತ್ತಿದ್ದಕ್ಕೆ ಕೈಮುಗಿಯುತ್ತೇನೆ. ಆ ಗುಳ್ಳೆಯ ಕಥೆ ಈ ಚರ್ಚೆಯೊಳಕ್ಕೇ ಮರಳಿ ಬರುತ್ತದೆ.

ಗುಳ್ಳೆ ಎಬ್ಬಿಸುವ ವಿಷದ ಹೆಸರು ಪೆಡೆರಿನ್. ಅದನ್ನು ಹುಳವೇ ತಯಾರಿಸುತ್ತದೆ ಎಂದು ಬಹಳ ಕಾಲ ನಂಬಿದ್ದರು. 2002ರಲ್ಲಿ ಪೀಲ್ ಎಂಬ ಜರ್ಮನ್ ವಿಜ್ಞಾನಿ ಪೆಡೆರಿನ್ ತಯಾರಿಸುವ ಜೀನ್‌ಗಳನ್ನು ಹುಡುಕಿ ತೆಗೆದರು. ಅವು ಹುಳದ ಜೀನ್‌ಗಳಾಗಿರಲಿಲ್ಲ. ಹುಳದೊಳಗೆ ವಾಸಿಸುವ, ಸ್ಯೂಡೋಮೊನಾಸ್ ಬಳಗದ ಒಂದು ಬ್ಯಾಕ್ಟೀರಿಯಾದವು. ಅಂದರೆ ನಿಮ್ಮ ಆಸ್ಪತ್ರೆಗೆ ಬರುವ ಆ ಗುಳ್ಳೆಯ ಮೂಲ ಒಂದು ಸಹಜೀವಿ ಬ್ಯಾಕ್ಟೀರಿಯಾ.

ಹುಳಕ್ಕೆ ಆ ವಿಷದಿಂದ ಏನು ಪ್ರಯೋಜನ? ಕೆಲ್ನರ್ ಮತ್ತು ಡೆಟ್ನರ್ ಎಂಬವರು 1996ರಲ್ಲಿಯೇ ಇದನ್ನು ಪರೀಕ್ಷಿಸಿದ್ದರು. ತಾಯಿಹುಳ ಮೊಟ್ಟೆಗಳಿಗೆ ಪೆಡೆರಿನ್ ಕೊಟ್ಟು ಕಳುಹಿಸುತ್ತದೆ. ಅಂಥ ಮರಿಹುಳಗಳನ್ನು ಹಿಡಿದ ತೋಳಜೇಡಗಳು ಬಿಟ್ಟುಬಿಟ್ಟವು. ಪೆಡೆರಿನ್ ಇಲ್ಲದವನ್ನು ತಿಂದವು. ಬೇರೆ ಕೀಟಗಳಿಗೆ ಆ ವಿಷ ಅಷ್ಟಾಗಿ ಲೆಕ್ಕಕ್ಕಿಲ್ಲ, ತಡೆಯುವುದು ಮುಖ್ಯವಾಗಿ ಜೇಡಗಳನ್ನೇ.

ಜೇಡ ಉಚ್ಚೆ ಹೊಯ್ದಿದೆ ಎಂದು ನಮ್ಮ ಹಿರಿಯರು ಯಾವ ಗುಳ್ಳೆಯನ್ನು ತೋರಿಸಿದರೋ, ಅದು ಜೇಡದಿಂದ ಪಾರಾಗಲು ಒಂದು ಹುಳ ತನ್ನೊಳಗೆ ಇಟ್ಟುಕೊಂಡ ಬ್ಯಾಕ್ಟೀರಿಯಾದ ವಿಷ.

ತೊಗಲು, ಹುಬ್ಬಳ್ಳಿ

ಹನ್ನೆರಡು ವರ್ಷದಿಂದ ಈ ಗುಳ್ಳೆಗೆ ಮುಲಾಮು ಬರೆದುಕೊಡುತ್ತಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ನಾಳೆಯೇ ಕಿರಿಯ ವೈದ್ಯರಿಗೆ ಹೇಳುತ್ತೇನೆ.

ಕುಣಿಮಗ್ಗ, ಬೆಟಗೇರಿ

ನಮ್ಮದು ನೇಕಾರರ ಮನೆ. ಹಳೆಯ ಕನ್ನಡದಲ್ಲಿ ಜೇಡ ಎಂದರೆ ನೇಕಾರ ಎಂಬ ಅರ್ಥವೂ ಇದೆ, ಹಾಗಾಗಿ ಈ ಹುಳದ ಬಗ್ಗೆ ನಮಗೆ ಬಳಗದ ಪ್ರೀತಿ. ಎಳೆ ಹರಿದು ಕೈ ಕೊಯ್ದುಕೊಂಡರೆ ನಮ್ಮಜ್ಜ ಮಗ್ಗದ ಮೂಲೆಯ ಬಲೆ ತೆಗೆದು ಗಾಯಕ್ಕೆ ಒತ್ತುತ್ತಿದ್ದರು. ರಕ್ತ ನಿಲ್ಲುತ್ತಿತ್ತು. ಜೇಡರ ನೂಲಿನಲ್ಲಿ ಕೀವು ಆಗದಂತೆ ತಡೆಯುವ ಶಕ್ತಿ ಇದೆ ಎಂದು ಮೊಬೈಲಿನಲ್ಲೂ ಬರುತ್ತಿದೆ. ನಿಜವೇ?

ಪೆಟ್ರಿ ತಟ್ಟೆ, ಧಾರವಾಡ

ರಕ್ತ ಹೆಪ್ಪುಗಟ್ಟಲು ಎಳೆಗಳ ಜಾಲ ನೆರವಾಗಬಹುದು, ಹತ್ತಿಯೂ ಆ ಕೆಲಸ ಮಾಡುತ್ತದೆ. ಆದರೆ ನೂಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬ ಮಾತಿಗೆ ಆಧಾರ ನಿಲ್ಲಲಿಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು ಹಲವು ಜಾತಿಯ ಜೇಡಗಳ ನೂಲನ್ನು ಪರೀಕ್ಷಿಸಿ 2021ರಲ್ಲಿ ಅಂಥ ಗುಣ ಕಾಣಲಿಲ್ಲ ಎಂದರು. ಹಿಂದಿನ ಕೆಲವು ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಾ ಸತ್ತದ್ದು ನೂಲನ್ನು ನೆನೆಸಿದ ಅಸಿಟೋನ್‌ನಿಂದ ಆಗಿರಬಹುದು ಎಂಬುದು ಅವರ ಅಭಿಪ್ರಾಯ.

ತೊಗಲು, ಹುಬ್ಬಳ್ಳಿ

ದಯವಿಟ್ಟು ಮೂಲೆಯ ಬಲೆಯನ್ನು ಗಾಯಕ್ಕೆ ಒತ್ತಬೇಡಿ. ಅದರಲ್ಲಿ ಧೂಳಿದೆ, ಧೂಳಿನಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತದೆ. ನೀರು, ಸೋಪು, ಶುದ್ಧ ಬಟ್ಟೆ ಸಾಕು. ಆಮೇಲೆ ಚುಚ್ಚುಮದ್ದು.

ಕುಣಿಮಗ್ಗ, ಬೆಟಗೇರಿ

ಆಗಲಿ ಡಾಕ್ಟರೇ. ಅಜ್ಜನ ಕೈಗುಣದ ನೆನಪು ನನ್ನಲ್ಲಿ ಇರಲಿ, ಬಲೆ ಮೂಲೆಯಲ್ಲಿ ಇರಲಿ.

ಎರೆಹೊಲ, ಬ್ಯಾಡಗಿ ತಾಲ್ಲೂಕು

ಗುರುಗಳೇ, ತಜ್ಞರೇ, ನನ್ನದೂ ಒಂದು ಪ್ರಶ್ನೆ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಾಗ ಬೆಳಗಿನ ಇಬ್ಬನಿಯಲ್ಲಿ ಹೊಲದ ತುಂಬ ಎಳೆಗಳು ಹೊಳೆಯುತ್ತವೆ. ಸಾಸಿವೆ ಕಾಳಿನಷ್ಟು ಜೇಡಮರಿಗಳು ಎಲೆಯ ತುದಿಗೆ ಹತ್ತಿ, ಹೊಟ್ಟೆಯನ್ನು ಮೇಲಕ್ಕೆತ್ತಿ, ಎಳೆ ಬಿಟ್ಟು ಗಾಳಿಯಲ್ಲಿ ತೇಲಿಹೋಗುವುದನ್ನು ಕೂತು ನೋಡಿದ್ದೇನೆ. ಇದು ಒಂದು.

ಎರಡನೆಯದು, ನಾವು ಮೆಣಸಿನ ಗಿಡದ ಎಲೆಚುಕ್ಕೆಗೆ ವರ್ಷಗಟ್ಟಲೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದಿದ್ದೇವೆ. ಅಂಗಡಿಯವರು ಕೊಟ್ಟರು, ನಾವು ಕಲಸಿದೆವು. ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಹಾಗಾದರೆ ಜೇಡದೊಳಗಿನ ಬ್ಯಾಕ್ಟೀರಿಯಾಗಳಿಗೆ ಏನಾಗಿರಬಹುದು?

ಪೆಟ್ರಿ ತಟ್ಟೆ, ಧಾರವಾಡ

ಅಣ್ಣಾ, ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಪ್ರಯೋಗದಲ್ಲಿ ಸೇರುತ್ತವೆ.

ಎರಿಗೋನೆ ಆಟ್ರಾ ಎಂಬ ಪುಟ್ಟ ಜೇಡ ಯುರೋಪಿನ ಹೊಲಗಳಲ್ಲಿ ನೀವು ಹೇಳಿದಂತೆಯೇ ತೇಲಿಹೋಗುತ್ತದೆ. ಅದರಲ್ಲಿ ರಿಕೆಟ್ಸಿಯಾ ಎಂಬ ಸಹಜೀವಿ ಇದೆ. ರಿಕೆಟ್ಸಿಯಾ ಇರುವ ಹೆಣ್ಣುಗಳು ಹಾರಲು ಅಷ್ಟಾಗಿ ಮುಂದಾಗುವುದಿಲ್ಲ ಎಂದು 2009ರಲ್ಲಿ ತೋರಿಸಿದರು. ಅದನ್ನು ಖಚಿತಪಡಿಸಿಕೊಳ್ಳಲು ಅವರು ಹೂಡಿದ ಉಪಾಯವೇ ಆ್ಯಂಟಿಬಯಾಟಿಕ್. ಔಷಧ ಕೊಟ್ಟಾಗ ಜೇಡಗಳ ಹಾರುವ ನಡವಳಿಕೆ ಬದಲಾಯಿತು. ಗಾಳಿಗೆ ಎಳೆ ಬಿಡಬೇಕೋ ಬೇಡವೋ ಎಂಬುದರಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದ ಕೈವಾಡವೂ ಇತ್ತು.

ಸ್ಟ್ರೆಪ್ಟೋಸೈಕ್ಲಿನ್ ಎಂದರೆ ಸ್ಟ್ರೆಪ್ಟೋಮೈಸಿನ್ ಜೊತೆಗೆ ಟೆಟ್ರಾಸೈಕ್ಲಿನ್. ಪ್ರಯೋಗಾಲಯದಲ್ಲಿ ವೋಲ್ಬಾಕಿಯಾವನ್ನು ತೊಲಗಿಸಲು ನಾವು ಬಳಸುವುದೂ ಟೆಟ್ರಾಸೈಕ್ಲಿನ್ನನ್ನೇ. ಹೊಲದಲ್ಲಿ ಸಿಂಪಡಿಸಿದ್ದು ಜೇಡದ ಒಳಗೆ ಎಷ್ಟು ಹೋಗುತ್ತದೆ ಎಂಬುದು ಅಳೆದು ನೋಡಬೇಕಾದ ವಿಷಯ, ನಾನು ಊಹೆಯ ಮೇಲೆ ಮಾತಾಡುವುದಿಲ್ಲ. ಕೃಷಿಯಲ್ಲಿ ಇವೆರಡರ ಬಳಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಹೆಜ್ಜೆ ಇಟ್ಟಿತು. ಮನುಷ್ಯರ ಔಷಧ ಕೆಲಸಕ್ಕೆ ಬಾರದಂತಾಗುತ್ತದೆ ಎಂಬ ಭಯದಿಂದ ಇಟ್ಟ ಹೆಜ್ಜೆ ಅದು. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಬಳಸಬೇಡಿ.

ಮೊದಲ ಬೆಂಚು, ಹುಬ್ಬಳ್ಳಿ

ಅಣ್ಣ, ನಾನು ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಕಪ್ಪತಗುಡ್ಡದಲ್ಲಿ ಹತ್ತು ಗೂಡು ಹುಡುಕಿ, ಜೇಡಗಳನ್ನು ಆಲ್ಕೋಹಾಲಿನಲ್ಲಿ ಹಾಕಿ, ಡಿಎನ್‌ಎ ತೆಗೆದು, ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಬಳಸುವ 16ಎಸ್ ಜೀನ್ ಓದಿಸಿದರೆ ಪಟ್ಟಿ ಬರುತ್ತದೆ ಅಲ್ಲವೇ?

ಪೆಟ್ರಿ ತಟ್ಟೆ, ಧಾರವಾಡ

ಪಟ್ಟಿ ಬಂದೇ ಬರುತ್ತದೆ. ಯಾರ ಪಟ್ಟಿ ಎಂಬುದು ಪ್ರಶ್ನೆ. ನನ್ನ ಮೊದಲ ವರ್ಷದ ಕೆಲಸವೆಲ್ಲ ಹೀಗೆಯೇ ನೀರುಪಾಲಾಯಿತು, ಆದ್ದರಿಂದ ಮನಸ್ಸಿಟ್ಟು ಓದು.

ವೋಲ್ಬಾಕಿಯಾ ಇರುವ ನೊಣವನ್ನು ತಿಂದ ಜೇಡವನ್ನು ಮರುದಿನ ಅರೆದರೆ ಡಿಎನ್‌ಎ ಹುಡುಕುವ ಪಿಸಿಆರ್‌ನಲ್ಲಿ ವೋಲ್ಬಾಕಿಯಾ ಎಂದೇ ಬರುತ್ತದೆ. ಅದು ಜೇಡದ್ದಲ್ಲ, ನೊಣದ್ದು. ಅದಕ್ಕೆ ಜೇಡವನ್ನು ಮೊದಲು ಕೆಲವು ದಿನ ಉಪವಾಸವಿಡಬೇಕು. ಮೈಯ ಹೊರಗಿನ ಧೂಳಿನ ಬ್ಯಾಕ್ಟೀರಿಯಾ ಬೇರೆ, ಅದನ್ನು ತೊಳೆಯಬೇಕು. ಇಡೀ ಜೇಡವನ್ನು ಅರೆದು ಅದನ್ನು 'ಕರುಳಿನ ಬ್ಯಾಕ್ಟೀರಿಯಾ' ಎಂದು ಬರೆಯಬೇಡ. ಅಂಡಾಶಯದಲ್ಲಿ ಕುಳಿತ ಸಹಜೀವಿ ಒಂದೇ ಇಡೀ ಪಟ್ಟಿಯನ್ನು ನುಂಗಿಬಿಡುತ್ತದೆ. ಕರುಳನ್ನು ಬಿಡಿಸಿ ತೆಗೆಯುವುದನ್ನು ಕಲಿ, ನಾನು ಹೇಳಿಕೊಡುತ್ತೇನೆ. ಎಲ್ಲಕ್ಕಿಂತ ಮುಖ್ಯ, ಜೇಡವನ್ನೇ ಹಾಕದ ಖಾಲಿ ನಳಿಕೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲೇ ನಡೆಸು. ಇಷ್ಟು ಸಣ್ಣ ಜೀವಿಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಬಹಳ ಕಡಿಮೆ. ಆಗ ರಾಸಾಯನಿಕದ ಬಾಟಲಿಯಲ್ಲಿರುವ ಬ್ಯಾಕ್ಟೀರಿಯಾವೇ ಜೇಡದ್ದೆಂಬಂತೆ ಕಾಣಿಸಿಕೊಳ್ಳುತ್ತದೆ. ನನಗೆ ಆದದ್ದು ಅದೇ. ಖಾಲಿ ನಳಿಕೆ ಇಟ್ಟಿರಲಿಲ್ಲ, ಎಂಟು ತಿಂಗಳ ಫಲಿತಾಂಶವನ್ನು ಕೈಬಿಡಬೇಕಾಯಿತು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಜೇಡವನ್ನೂ ಮುಟ್ಟಬಾರದು. ರೈತರ ಬೇಲಿಯಲ್ಲಿ, ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹತ್ತು ಗೂಡು ಬೇಡ. ಮೂರು ಗೂಡು, ಗೂಡಿಗೆ ಐದು ಜೇಡ ಸಾಕು.

ಎರೆಹೊಲ, ಬ್ಯಾಡಗಿ ತಾಲ್ಲೂಕು

ತಂಗಿ, ನಮ್ಮ ಬೇಲಿಯಲ್ಲಿ ಉಳಿದಿರುವ ಒಂದು ಗೂಡಿನಿಂದ ಐದು ಜೇಡ ತೆಗೆದುಕೊಳ್ಳಬಹುದು. ಗೂಡು ಹರಿಯದಂತೆ ತೆಗೆಯಬೇಕು, ಅಷ್ಟೇ. ನಾನು ಎದುರಿಗೇ ಇರುತ್ತೇನೆ.

ಕೆಲಗೇರಿ ದಂಡೆ, ಧಾರವಾಡ

ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಮಿಡತೆಯ ತೊಗಲನ್ನು ಆಗಲೇ ಗೂಡಿನ ಗೋಡೆಗೆ ಸೇರಿಸಿ ಹೆಣೆದಿದ್ದವು. ಟಾರ್ಚ್ ಹಿಡಿದು ನೋಡಿದಾಗ ಒಂದು ತೂತಿನ ಬಾಯಲ್ಲಿ ದೊಡ್ಡ ಹೆಣ್ಣೊಂದು ಕುಳಿತಿತ್ತು, ಅದರ ಬಾಯಿಯ ಸುತ್ತ ಗುಂಡುಸೂಜಿಯ ತಲೆಯಷ್ಟು ಮರಿಗಳು ಮುತ್ತಿದ್ದವು. ಕಾಲು ನೋಯುವವರೆಗೂ ನಿಂತೆ. ಮರಿಗಳು ಒಂದರ ಹಿಂದೆ ಒಂದು ಬಾಯಿಗೆ ಬಾಯಿ ಹಚ್ಚಿ ಕುಡಿದು ಪಕ್ಕಕ್ಕೆ ಸರಿಯುತ್ತಿದ್ದವು. ಹೊಟ್ಟೆ ತುಂಬಿದ ಮರಿಯ ಮೈ ಬೆಳಕಿನಲ್ಲಿ ಸ್ವಲ್ಪ ಪಾರದರ್ಶಕವಾಗಿ, ಒಳಗಿನ ಬಿಳಿ ಕವಲುಗಳು ಕಂಡಂತಾಯಿತು.

ಹೊಲದ ಯಜಮಾನರೊಂದಿಗೆ ಮಾತಾಡಿದ್ದೇನೆ, ಜಾಲಿ ಕಡಿಯುವುದನ್ನು ಮರಿಗಳು ದೊಡ್ಡವಾಗುವವರೆಗೆ ಮುಂದೂಡಲು ಒಪ್ಪಿದರು. ಮೊದಲ ಬೆಂಚಿನವರು ಶನಿವಾರ ಮಧ್ಯಾಹ್ನ ಗದಗ ಬಸ್ ನಿಲ್ದಾಣಕ್ಕೆ ಬನ್ನಿ, ಪೆಟ್ರಿ ತಟ್ಟೆಯವರೂ ಬರುತ್ತೇನೆಂದಿದ್ದಾರೆ. ಮರಿಗಳಿರುವ ಈ ಗೂಡಿನಿಂದ ಈಗ ಏನನ್ನೂ ತೆಗೆಯುವುದು ಬೇಡ, ನೋಡಿ ಬರೆದುಕೊಳ್ಳೋಣ. ಟಾರ್ಚಿಗೆ ಕಟ್ಟಲು ಕೆಂಪು ಗಾಜುಕಾಗದ ತನ್ನಿ, ಬಿಳಿ ಬೆಳಕಿಗೆ ಅವು ಒಳಗೆ ಸರಿದುಬಿಡುತ್ತವೆ.